ಎಫ್‌ಎಸ್‌ಸಿಕೆ ಮಾಡಿದರೂ ಮರಳಿ ಬರುವ ಡಿಸ್ಕ್ ದೋಷ: ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಮೂಲ ಹುಡುಕುವ ಬಗೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಒಪ್ಪದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಆಮೇಲೆ ಲಿನಕ್ಸ್ ಹಾಕಿಸಿಕೊಂಡವರು ಮುಂಬಯಿಯ ನನ್ನ ಕನ್ನಡ ಬಳಗದಲ್ಲೇ ಬಹಳ ಮಂದಿ. ಡೊಂಬಿವಲಿ, ವಾಶಿ, ಮೀರಾ ರೋಡಿನ ಮನೆಗಳಲ್ಲಿ, ಒಂದೆರಡು ಸಂಘಗಳ ಕಚೇರಿಗಳಲ್ಲಿ ಈಗ ಉಬುಂಟು ಅಥವಾ ಮಿಂಟ್ ಇದೆ. ಲ್ಯಾಪ್‌ಟಾಪ್ ಹಳೆಯದಾದರೆ ಅದರೊಳಗಿನ ಡಿಸ್ಕ್ ಕೂಡ ಹಳೆಯದೇ. ಹಾಗಾಗಿ ಒಂದೇ ದೂರು ಹಲವರ ಬಾಯಿಂದ ಬರುತ್ತಿದೆ: ಆನ್ ಮಾಡಿದರೆ ಕಪ್ಪು ಪರದೆ, ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಪದ, ಎಫ್‌ಎಸ್‌ಸಿಕೆಯನ್ನು (ಫೈಲ್ ಸಿಸ್ಟಮ್ ತಪಾಸಣೆ ಮಾಡಿ ತಿದ್ದುವ ಆಜ್ಞೆ) ನೀವೇ ಓಡಿಸಿ ಎಂಬ ಸೂಚನೆ. ಓಡಿಸಿ, ಕೇಳಿದ್ದಕ್ಕೆಲ್ಲ ‘ವೈ’ ಒತ್ತಿದರೆ ಲ್ಯಾಪ್‌ಟಾಪ್ ಶುರುವಾಗುತ್ತದೆ. ಕೆಲವು ದಿನಗಳಾದ ಮೇಲೆ ಮತ್ತೆ ಅದೇ ಪರದೆ.

ಈ ಸುತ್ತಿನಿಂದ ಹೊರಬರಲು ಒಂದು ಮಾತು ಮನಸ್ಸಿಗೆ ಹೋಗಬೇಕು. ಮರುಕಳಿಸುವ ದೋಷ ಫೈಲ್ ಸಿಸ್ಟಮ್‌ನದೇ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯದೇ, ಆಗಿರುವುದು ಬಹಳ ಅಪರೂಪ. ಉಬುಂಟು, ಮಿಂಟ್, ಡೆಬಿಯನ್ ಬಳಸುವ ಫೈಲ್ ಸಿಸ್ಟಮ್ ಇಎಕ್ಸ್‌ಟಿ4, 2008ರ ಡಿಸೆಂಬರ್‌ನಲ್ಲಿ 2.6.28 ಕರ್ನಲ್‌ನ (ಲಿನಕ್ಸ್‌ನ ತಿರುಳು) ಜೊತೆ ಸ್ಥಿರವೆಂದು ಬಂದದ್ದು. ಅಂದಿನಿಂದ ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ದುಡಿದು ಗಟ್ಟಿಯಾಗಿದೆ. ಅದಕ್ಕೆ ಜರ್ನಲ್ ಇದೆ: ಮಾಡಲಿರುವ ಬದಲಾವಣೆಯನ್ನು ಮೊದಲು ಅಲ್ಲಿ ಗುರುತು ಹಾಕಿಕೊಂಡು ಆಮೇಲೆ ಅದರ ಜಾಗದಲ್ಲಿ ಬರೆಯುತ್ತದೆ. ನಡುವೆ ವಿದ್ಯುತ್ ಹೋದರೂ ಮುಂದಿನ ಸಲ ಆನ್ ಮಾಡಿದಾಗ ಜರ್ನಲ್ ನೋಡಿ ಕೆಲವೇ ಕ್ಷಣಗಳಲ್ಲಿ ಸರಿಮಾಡಿಕೊಳ್ಳುತ್ತದೆ. ಇಷ್ಟಿದ್ದೂ ದೋಷ ಮತ್ತೆ ಮತ್ತೆ ಬರುತ್ತಿದ್ದರೆ, ಕೆಳಗಿನ ಯಾವುದೋ ಭಾಗ ಕೈಕೊಡುತ್ತಿದೆ: ಡಿಸ್ಕ್, ಅದರ ಕೇಬಲ್, ರಾಮ್, ಇಲ್ಲವೇ ವಿದ್ಯುತ್. ಗಲ್ಲಾಪೆಟ್ಟಿಗೆಯಿಂದ ಹಣ ಸೋರುತ್ತಿರುವ ಹೋಟೆಲಿನಲ್ಲಿ ರಾತ್ರಿ ಲೆಕ್ಕದ ಪುಸ್ತಕವನ್ನು ಮಾತ್ರ ತಿದ್ದಿದಂತೆ ಎಫ್‌ಎಸ್‌ಸಿಕೆಯ ಕೆಲಸ. ಪುಸ್ತಕ ಸರಿಹೋಗುತ್ತದೆ, ಸೋರಿಕೆ ನಿಲ್ಲುವುದಿಲ್ಲ.

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ, ಇಂಗ್ಲಿಷ್ ಅಕ್ಷರಗಳ ಹೆಸರು ಕೇಳಿಸುವಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಪದಗಳ ನಡುವೆ ಜಾಗ ಬಿಟ್ಟು ಟೈಪ್ ಮಾಡಿ. /ಡೆವ್/ಎಸ್‌ಡಿಎ2 ಎಂದಿರುವ ಕಡೆ ನಿಮ್ಮ ಪಾರ್ಟಿಷನ್‌ನ (ಡಿಸ್ಕಿನ ಒಂದು ವಿಭಾಗ) ಹೆಸರು ಬರಬೇಕು. ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಎಂದರೆ ಎಲ್ಲ ಡಿಸ್ಕ್, ಪಾರ್ಟಿಷನ್‌ಗಳ ಪಟ್ಟಿ ಸಿಗುತ್ತದೆ. ಎನ್‌ವಿಎಂಇ (ವೇಗದ ಒಂದು ಬಗೆಯ ಎಸ್‌ಎಸ್‌ಡಿ) ಡಿಸ್ಕ್ ಆದರೆ ಹೆಸರು /ಡೆವ್/ಎನ್‌ವಿಎಂಇ0ಎನ್1ಪಿ2 ಎಂಬ ತರಹ ಇರುತ್ತದೆ.

ದುರಸ್ತಿಗಿಂತ ಮೊದಲು ನಕಲು

ಎಫ್‌ಎಸ್‌ಸಿಕೆ ಡಿಸ್ಕ್ ಮೇಲೆ ಬರೆಯುತ್ತದೆ. ಸಾಯುತ್ತಿರುವ ಡಿಸ್ಕ್ ಮೇಲೆ ಅದನ್ನು ಓಡಿಸಿದರೆ, ಓದಲು ಬರುತ್ತಿದ್ದ ಫೈಲುಗಳೂ ಕೈತಪ್ಪಬಹುದು. ಆದ್ದರಿಂದ ಮೊದಲ ಕೆಲಸ ಬ್ಯಾಕಪ್. ಇದನ್ನು ನಾನು ಸಲಹೆಯಾಗಿ ಹೇಳುತ್ತಿಲ್ಲ, ಷರತ್ತಾಗಿ ಹೇಳುತ್ತಿದ್ದೇನೆ. ಇದಾಗುವವರೆಗೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ.

ಬೇರೊಂದು ಕಂಪ್ಯೂಟರಿನಲ್ಲಿ ಮಿಂಟ್ ಅಥವಾ ಉಬುಂಟುವಿನ ಲೈವ್ ಪೆನ್ ಡ್ರೈವ್ (ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಮಾಡಿಕೊಂಡು, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ. ಇನ್‌ಸ್ಟಾಲ್ ಒತ್ತಬೇಡಿ, ‘ಟ್ರೈ’ ಸಾಕು. ಆಮೇಲೆ ಪಾರ್ಟಿಷನ್ ಅನ್ನು ಓದಲಷ್ಟೇ ತೆರೆಯಿರಿ:

ಸುಡೊ ಮೌಂಟ್ -ಓ ಆರ್‌ಓ,ನೋಲೋಡ್ /ಡೆವ್/ಎಸ್‌ಡಿಎ2 /ಎಂಎನ್‌ಟಿ

ಇಲ್ಲಿ ‘ಆರ್‌ಓ’ ಬರೆಯುವುದನ್ನು ತಡೆಯುತ್ತದೆ, ‘ನೋಲೋಡ್’ ಜರ್ನಲ್‌ನ ಗೋಜಿಗೆ ಹೋಗದಂತೆ ನೋಡಿಕೊಳ್ಳುತ್ತದೆ. ಈಗ ಬೇಕಾದ ಫೋಲ್ಡರುಗಳನ್ನು ಹೊರಗಿನ ಡಿಸ್ಕ್‌ಗೆ ನಕಲಿಸಿ. ಮೊದಲು ಎಲ್ಲೂ ಮತ್ತೆ ಸಿಗದವು: ಮನೆಯ ಫೋಟೊಗಳು, ಸಂಘದ ಸದಸ್ಯರ ಪಟ್ಟಿ, ಲೆಕ್ಕಪತ್ರ, ಯಕ್ಷಗಾನದ ಧ್ವನಿಮುದ್ರಣ. ಇಳಿಸಿಕೊಂಡ ಸಿನಿಮಾಗಳು ಕೊನೆಗೆ.

ನಕಲಿಸುವಾಗ ನಡುನಡುವೆ ನಿಂತುಬಿಟ್ಟರೆ ಅಥವಾ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡಿದರೆ ಫೈಲ್ ಮ್ಯಾನೇಜರ್‌ನಿಂದ ಒತ್ತಾಯ ಮಾಡಬೇಡಿ. ಡಿಡಿರೆಸ್ಕ್ಯೂ ಇಂಥದ್ದಕ್ಕೇ ಇರುವ ಸಾಧನ. ಉಬುಂಟು, ಡೆಬಿಯನ್‌ಗಳಲ್ಲಿ ಅದರ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಅದು ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಮ್ಯಾಪ್ ಫೈಲಿನಲ್ಲಿ ಗುರುತಿಟ್ಟು, ಆಮೇಲೆ ಅಲ್ಲಿಗೆ ಮರಳುತ್ತದೆ. ಮೊದಲ ಸುತ್ತಿನಲ್ಲಿ ‘-ಎನ್’ ಸೇರಿಸಿ, ಎರಡನೆಯದರಲ್ಲಿ ಅದನ್ನು ತೆಗೆದು ‘-ಆರ್3’ ಕೊಡಿ. ಆಜ್ಞೆಯಲ್ಲಿ ಮೊದಲು ಹಳೆಯ ಡಿಸ್ಕ್, ನಂತರ ನಕಲು ಹೋಗುವ ಜಾಗ, ಕೊನೆಗೆ ಮ್ಯಾಪ್ ಫೈಲ್. ಈ ಕ್ರಮ ತಿರುವುಮುರುವಾದರೆ ಉಳಿಸಲು ಹೊರಟದ್ದೇ ಅಳಿಸಿಹೋಗುತ್ತದೆ. ಎಂಟರ್ ಒತ್ತುವ ಮೊದಲು ಎಲ್‌ಎಸ್‌ಬಿಎಲ್‌ಕೆ ಪಟ್ಟಿಯ ಜೊತೆ ಹೋಲಿಸಿ ನೋಡಿ.

ನಕಲಿಡಲು ಹೊಸ ಪೆನ್ ಡ್ರೈವ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ, ಪುಣೆಯ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ ಬಿಲ್ಲು ಕೇಳಿ ತೆಗೆದುಕೊಳ್ಳಿ. ನಂಬಲಾಗದಷ್ಟು ಅಗ್ಗದ 1 ಟಿಬಿ ಪೆನ್ ಡ್ರೈವ್‌ಗಳು ಹಲವು ಸಲ ಸುಳ್ಳು ಗಾತ್ರ ತೋರಿಸುತ್ತವೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಕಳೆದುಹೋಗುತ್ತದೆ. ಎಫ್3 ಎಂಬ ಸಣ್ಣ ತಂತ್ರಾಂಶ ಈ ಮೋಸವನ್ನು ಹಿಡಿಯುತ್ತದೆ: ‘ಎಫ್3ರೈಟ್’ ಖಾಲಿ ಡ್ರೈವ್ ತುಂಬ ಪರೀಕ್ಷೆಯ ಫೈಲುಗಳನ್ನು ಬರೆಯುತ್ತದೆ, ‘ಎಫ್3ರೀಡ್’ ಅವನ್ನು ಓದಿ ತಾಳೆ ನೋಡುತ್ತದೆ.

ಕರ್ನಲ್ ಹೇಳುವುದನ್ನು ಓದಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ಉತ್ತರ ಹೆಚ್ಚಾಗಿ ಸಿಗುವುದೂ ಇಲ್ಲೇ.

ಕೆಲಸ ಮಾಡುತ್ತಿರುವಾಗ ಇದ್ದಕ್ಕಿದ್ದಂತೆ ಫೈಲ್ ಉಳಿಸಲು ಬಾರದೆ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂಬ ಸಂದೇಶ ಬಂದರೆ, ಕೂಡಲೇ ರೀಸ್ಟಾರ್ಟ್ ಮಾಡಬೇಡಿ. ಡೆಬಿಯನ್, ಉಬುಂಟುಗಳಲ್ಲಿ ಮೂಲ ಪಾರ್ಟಿಷನ್‌ಗೆ ‘ಎರರ್ಸ್=ರೀಮೌಂಟ್-ಆರ್‌ಓ’ ಎಂಬ ನಿಯಮ /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಇರುತ್ತದೆ. ದೋಷ ಕಂಡೊಡನೆ ಕರ್ನಲ್ ಬರೆಯುವುದನ್ನೇ ನಿಲ್ಲಿಸಿ ಹಾನಿ ಹರಡದಂತೆ ತಡೆಯುತ್ತದೆ. ಆದರೆ ಅದೇ ಗಳಿಗೆಯಿಂದ ಲಾಗ್ (ನಡೆದದ್ದರ ದಾಖಲೆ) ಕೂಡ ಡಿಸ್ಕ್‌ಗೆ ಹೋಗುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಸಾಕ್ಷ್ಯವೆಲ್ಲ ಮಾಯ. ಟರ್ಮಿನಲ್ ತೆರೆದು ‘ಸುಡೊ ಡಿಎಂಇಎಸ್‌ಜಿ’ ಓಡಿಸಿ, ಪರದೆಯ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆಯಿರಿ. ಆಗಲೇ ರೀಸ್ಟಾರ್ಟ್ ಆಗಿದ್ದರೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಹಿಂದಿನ ಸಲದ ಕರ್ನಲ್ ಸಂದೇಶಗಳಲ್ಲಿ ಉಳಿದಷ್ಟನ್ನು ತೋರಿಸುತ್ತದೆ.

‘ಇಎಕ್ಸ್‌ಟಿ4-ಎಫ್‌ಎಸ್ ಎರರ್’ ಎಂಬ ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಪರಿಣಾಮ. ಅದಕ್ಕಿಂತ ಮೇಲಿನ ಸಾಲುಗಳಲ್ಲಿ ಕಾರಣ ಇರುತ್ತದೆ. ಅಲ್ಲಿ ‘ಐ/ಓ ಎರರ್’, ‘ಮೀಡಿಯಂ ಎರರ್’, ‘ಯುಎನ್‌ಸಿ’ ಎಂದಿದ್ದರೆ ಡಿಸ್ಕ್ ತನ್ನ ಮೇಲಿನ ಬರಹವನ್ನು ತಾನೇ ಓದಲಾರದೆ ಹೋಗಿದೆ. ಅದೇ ಸೆಕ್ಟರ್ (ಡಿಸ್ಕಿನ ಚಿಕ್ಕ ತುಣುಕು) ಸಂಖ್ಯೆಗಳು ಮತ್ತೆ ಮತ್ತೆ ಬಂದರೆ ಸಂಶಯವೇ ಬೇಡ. ‘ಐಸಿಆರ್‌ಸಿ’, ‘ಹಾರ್ಡ್ ರೀಸೆಟ್ಟಿಂಗ್ ಲಿಂಕ್’, ‘ಲಿಮಿಟಿಂಗ್ ಸಾಟಾ ಲಿಂಕ್ ಸ್ಪೀಡ್’ ಎಂದಿದ್ದರೆ ಡಿಸ್ಕ್‌ಗಿಂತ ಮೊದಲು ಕೇಬಲ್ ಮತ್ತು ಕನೆಕ್ಟರ್ ನೋಡಿ. ಡೇಟಾ ದಾರಿಯಲ್ಲಿ ಕೆಡುತ್ತಿದೆ. ‘ಎನ್‌ವಿಎಂಇ: ಕಂಟ್ರೋಲರ್ ಈಸ್ ಡೌನ್, ವಿಲ್ ರೀಸೆಟ್’ ಎಂಬುದು ಡಿಸ್ಕ್ ಸ್ವಲ್ಪ ಹೊತ್ತು ಕಣ್ಮರೆಯಾದುದರ ಸೂಚನೆ. ಮೇಲೆ ಇಂಥ ಯಾವ ಸಾಲೂ ಇಲ್ಲದೆ, ಚೆಕ್‌ಸಮ್ (ಡೇಟಾ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ತಪ್ಪಿದೆ ಎಂದೋ ಅಳಿಸಿದ ಐನೋಡ್ (ಫೈಲಿನ ವಿವರಗಳ ದಾಖಲೆ) ಇನ್ನೂ ಬಳಕೆಯಲ್ಲಿದೆ ಎಂದೋ ಇಎಕ್ಸ್‌ಟಿ4 ಮಾತ್ರ ದೂರುತ್ತಿದ್ದರೆ, ನನ್ನ ಮೊದಲ ಸಂಶಯ ರಾಮ್ ಮೇಲೆ. ಡಿಸ್ಕ್ ತನಗೆ ಕೊಟ್ಟದ್ದನ್ನು ನಿಷ್ಠೆಯಿಂದ ಬರೆದಿದೆ, ಕೊಟ್ಟದ್ದೇ ಕೆಟ್ಟಿತ್ತು.

ಎಫ್‌ಎಸ್‌ಸಿಕೆ ಓಡಿಸುವ ಕ್ರಮ

ಬಳಕೆಯಲ್ಲಿರುವ ಪಾರ್ಟಿಷನ್ ಮೇಲೆ ದುರಸ್ತಿ ಬೇಡವೇ ಬೇಡ. ಲೈವ್ ಪೆನ್ ಡ್ರೈವ್‌ನಿಂದ ಶುರು ಮಾಡಿ, ಪಾರ್ಟಿಷನ್ ಮೌಂಟ್ ಆಗಿದ್ದರೆ, ಅಂದರೆ ಬಳಕೆಗೆ ತೆರೆದಿದ್ದರೆ, ‘ಯುಮೌಂಟ್’ ಮಾಡಿ, ಆಮೇಲೆ:

ಸುಡೊ ಇ2ಎಫ್‌ಎಸ್‌ಸಿಕೆ -ಎಫ್‌ಎನ್ /ಡೆವ್/ಎಸ್‌ಡಿಎ2

ಇ2ಎಫ್‌ಎಸ್‌ಸಿಕೆ ಎಂದರೆ ಇಎಕ್ಸ್‌ಟಿ4ರ ಎಫ್‌ಎಸ್‌ಸಿಕೆ. ‘ಎನ್’ ಇರುವುದರಿಂದ ಇದು ಏನನ್ನೂ ಮುಟ್ಟದೆ ವರದಿ ಮಾತ್ರ ಕೊಡುತ್ತದೆ. ನಾಲ್ಕೈದು ಸಾಲಿನ ವರದಿಯಾದರೆ ನೆಮ್ಮದಿ. ಪುಟಗಟ್ಟಲೆ ಓಡಿದರೆ ಬ್ಯಾಕಪ್ ಸರಿಯಾಗಿದೆಯೇ ಎಂದು ಇನ್ನೊಮ್ಮೆ ತೆರೆದು ನೋಡಿ. ಬಳಿಕ ‘ಎನ್’ ತೆಗೆದು ‘-ಎಫ್’ ಮಾತ್ರ ಇಟ್ಟು ಓಡಿಸಿ. ಪ್ರತಿ ಪ್ರಶ್ನೆಗೂ ಉತ್ತರಿಸುವುದು ದಣಿವಿನ ಕೆಲಸ. ಬ್ಯಾಕಪ್ ಇದ್ದರೆ ‘-ವೈ’ ಸೇರಿಸುವುದರಲ್ಲಿ ತಪ್ಪಿಲ್ಲ. ಪರದೆಯ ಮೇಲೆ ಬಂದದ್ದನ್ನು ನಕಲಿಸಿ ಬೇರೆ ಪೆನ್ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಲೈವ್ ವ್ಯವಸ್ಥೆಯಲ್ಲಿ ಉಳಿಸಿದ್ದು ಆಫ್ ಮಾಡಿದ ಕೂಡಲೇ ಹೋಗುತ್ತದೆ.

ಮುಗಿದ ಮೇಲೆ ಅದೇ ಆಜ್ಞೆಯನ್ನು ತಕ್ಷಣ ಮತ್ತೊಮ್ಮೆ ಓಡಿಸಿ. ಈ ಎರಡನೆಯ ಓಟವನ್ನು ದಯವಿಟ್ಟು ಬಿಡಬೇಡಿ. ನಡುವೆ ಯಾರೂ ಏನೂ ಬರೆದಿಲ್ಲ, ಪಾರ್ಟಿಷನ್ ಮೌಂಟ್ ಆಗಿಲ್ಲ. ಎಲ್ಲ ಸರಿಯಿದ್ದರೆ ಒಂದು ದೋಷವೂ ಕಾಣಬಾರದು. ಹೊಸ ದೋಷಗಳು ಕಂಡರೆ, ಓದಿದ್ದು ಒಂದೊಂದು ಸಲ ಒಂದೊಂದು ತೆರನಾಗಿ ಬರುತ್ತಿದೆ ಎಂದರ್ಥ. ಆಗ ದುರಸ್ತಿಯನ್ನು ಅಲ್ಲಿಗೇ ನಿಲ್ಲಿಸಿ ಹಾರ್ಡ್‌ವೇರ್ ಪರೀಕ್ಷೆಗೆ ಹೋಗಿ.

ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಮುಖ್ಯ ವಿವರಗಳಿರುವ ಬ್ಲಾಕ್) ಕೆಟ್ಟಿದೆ ಎಂದು ಹೇಳಿ ಎಫ್‌ಎಸ್‌ಸಿಕೆ ಶುರುವಾಗದಿದ್ದರೆ ಎದೆಗುಂದಬೇಡಿ. ಇಎಕ್ಸ್‌ಟಿ4 ಅದರ ಪ್ರತಿಗಳನ್ನು ಡಿಸ್ಕಿನ ಬೇರೆ ಕಡೆಗಳಲ್ಲಿ ಇಟ್ಟಿರುತ್ತದೆ. 4 ಕೆಬಿ ಬ್ಲಾಕ್‌ನ ಸಾಮಾನ್ಯ ಪಾರ್ಟಿಷನ್‌ನಲ್ಲಿ ಮೊದಲ ಪ್ರತಿ 32768ನೆಯ ಬ್ಲಾಕ್‌ನಲ್ಲಿ, ಮುಂದಿನದು 98304ರಲ್ಲಿ. ‘ಇ2ಎಫ್‌ಎಸ್‌ಸಿಕೆ -ಬಿ 32768’ ಎಂದು ಬರೆದು ಪಾರ್ಟಿಷನ್ ಹೆಸರು ಕೊಟ್ಟರೆ ಆ ಪ್ರತಿಯಿಂದ ಕೆಲಸ ಶುರುವಾಗುತ್ತದೆ.

ದುರಸ್ತಿಯಾದ ಮೇಲೆ ‘ಲಾಸ್ಟ್+ಫೌಂಡ್’ ಫೋಲ್ಡರ್ ನೋಡಿ. ಹೆಸರು ಕಳೆದುಕೊಂಡ ಫೈಲುಗಳು ಅಲ್ಲಿ ಬರೀ ಸಂಖ್ಯೆಗಳಾಗಿ ಬಿದ್ದಿರುತ್ತವೆ. ‘ಫೈಲ್’ ಎಂಬ ಆಜ್ಞೆ ಅದು ಚಿತ್ರವೋ, ಪಿಡಿಎಫ್ಫೋ, ದಾಖಲೆಯೋ ಎಂದು ಹೇಳುತ್ತದೆ. ಕನ್ನಡದ ಬರಹಗಳನ್ನು ಹುಡುಕುವವರಿಗೆ ಎರಡು ತೊಡಕುಗಳಿವೆ. ಓಡಿಟಿ, ಡಾಕ್‌ಎಕ್ಸ್ ಫೈಲುಗಳು ಒಳಗೆ ಜಿಪ್ ಆಗಿರುವುದರಿಂದ ‘ಗ್ರೆಪ್’ ಹಾಕಿ ಪದ ಹುಡುಕಿದರೆ ಸಿಗುವುದಿಲ್ಲ. ಲಿಬ್ರೆ ಆಫೀಸಿನಲ್ಲಿ ಒಂದೊಂದಾಗಿ ತೆರೆಯಬೇಕು. ಯೂನಿಕೋಡ್‌ಗಿಂತ ಹಿಂದಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹಳೆಯ ಪಠ್ಯವಾದರೆ ಕನ್ನಡ ಅಕ್ಷರ ಕೊಟ್ಟು ಹುಡುಕಿ ಫಲವಿಲ್ಲ, ಕಂಪ್ಯೂಟರಿನ ಮಟ್ಟಿಗೆ ಅದು ಬೇರೆಯೇ ಅಕ್ಷರಗಳ ಸಾಲು. ಸಂಘದ ಹಳೆಯ ಸ್ಮರಣ ಸಂಚಿಕೆಯ ಲೇಖನಗಳು ಹೀಗೆ ಸಂಖ್ಯೆಗಳ ನಡುವೆ ಅಡಗಿ ಕೂತಿರಬಹುದು. ಆ ಫೋಲ್ಡರನ್ನು ಅವಸರದಲ್ಲಿ ಅಳಿಸಬೇಡಿ.

ಡಿಸ್ಕಿನ ಆರೋಗ್ಯ

ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು ‘ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ’ ಓಡಿಸಿ. ಮೇಲ್ಗಡೆ ‘ಪಾಸ್ಡ್’ ಎಂದಿದ್ದರೆ ಸಮಾಧಾನಪಟ್ಟು ಮುಚ್ಚಬೇಡಿ. ಓದಲಾಗದ ಸೆಕ್ಟರ್‌ಗಳಿರುವ ಡಿಸ್ಕೂ ಆ ಪದವನ್ನು ತೋರಿಸುತ್ತಿರಬಹುದು. ಕೆಳಗಿನ ಕೋಷ್ಟಕದ ಕೊನೆಯ ಕಾಲಂ ನೋಡಿ. ಸಾಲು 5 ಬದಲಿ ಸೆಕ್ಟರ್‌ಗೆ ವರ್ಗವಾದ ಕೆಟ್ಟ ಸೆಕ್ಟರ್‌ಗಳ ಎಣಿಕೆ. 197 ಓದಲು ಬಾರದೆ ತೀರ್ಮಾನಕ್ಕೆ ಕಾದಿರುವವು, 198 ಕೊನೆಗೂ ಓದಲಾಗದವು. 197 ಸೊನ್ನೆಯಲ್ಲದೆ, ಲಾಗ್‌ನಲ್ಲಿ ಐ/ಓ ಎರರ್ ಕೂಡ ಇದ್ದರೆ ಡಿಸ್ಕ್ ಬದಲಿಸಿ. ಕೆಟ್ಟ ಬ್ಲಾಕ್‌ಗಳನ್ನು ‘ಇ2ಎಫ್‌ಎಸ್‌ಸಿಕೆ -ಸಿ’ ಮೂಲಕ ಗುರುತು ಹಾಕಿ ಮುಂದುವರಿಯಬಹುದೆಂದು ಕೆಲವರು ಹೇಳುತ್ತಾರೆ. ಮನೆಯ ಫೋಟೊಗಳಿರುವ ಲ್ಯಾಪ್‌ಟಾಪ್‌ಗೆ ನಾನು ಅದನ್ನು ಒಪ್ಪುವುದಿಲ್ಲ.

199 ಬೇರೆ ಜಾತಿಯದು. ಅದು ಡಿಸ್ಕ್ ಮತ್ತು ಬೋರ್ಡಿನ ನಡುವಿನ ದಾರಿಯಲ್ಲಾದ ತಪ್ಪುಗಳ ಎಣಿಕೆ. ಒಮ್ಮೆ ಏರಿದ ಸಂಖ್ಯೆ ಇಳಿಯುವುದಿಲ್ಲ, ಆದ್ದರಿಂದ ಇಂದಿನದನ್ನು ಬರೆದಿಟ್ಟು ಒಂದು ವಾರದ ನಂತರ ಹೋಲಿಸಿ. ಏರುತ್ತಲೇ ಇದ್ದರೆ ಕೇಬಲ್.

ಎನ್‌ವಿಎಂಇ ಡಿಸ್ಕ್‌ನಲ್ಲಿ ಈ ಕೋಷ್ಟಕ ಇರುವುದಿಲ್ಲ. ಅಲ್ಲಿ ‘ಕ್ರಿಟಿಕಲ್ ವಾರ್ನಿಂಗ್’, ‘ಅವೇಲಬಲ್ ಸ್ಪೇರ್’, ‘ಪರ್ಸೆಂಟೇಜ್ ಯೂಸ್ಡ್’ ಮತ್ತು ‘ಮೀಡಿಯಾ ಆ್ಯಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ನೋಡಿ. ಕೊನೆಯದು ಸೊನ್ನೆ ಇರಬೇಕು. ‘ಅನ್‌ಸೇಫ್ ಶಟ್‌ಡೌನ್ಸ್’ ಎಷ್ಟಿದೆ ಎಂದು ಕೂಡ ಗಮನಿಸಿ; ವಿದ್ಯುತ್ತಿನ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ. ‘ಸ್ಮಾರ್ಟ್‌ಸಿಟಿಎಲ್ -ಟಿ ಲಾಂಗ್’ ಪೂರ್ಣ ಪರೀಕ್ಷೆಯನ್ನು ಆರಂಭಿಸುತ್ತದೆ. ದೊಡ್ಡ ಹಾರ್ಡ್ ಡಿಸ್ಕ್‌ಗೆ ಹಲವು ಗಂಟೆ ಬೇಕು, ಚಾರ್ಜರ್ ಹಾಕಿಟ್ಟು ರಾತ್ರಿ ಬಿಡಿ.

ಡಿಸ್ಕ್ ಚೆನ್ನಾಗಿದ್ದರೆ

ರಾಮ್‌ನಿಂದ ಶುರು ಮಾಡಿ. ರಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಲವು ಸಲ ಗ್ರಬ್ ಮೆನುವಿನಲ್ಲೇ (ಲಿನಕ್ಸ್ ಶುರುವಾಗುವ ಮೊದಲು ಬರುವ ಪಟ್ಟಿ) ಇರುತ್ತದೆ. 2022ರಲ್ಲಿ ಬಂದ 6ನೆಯ ಆವೃತ್ತಿಯಿಂದ ಅದು ಯುಇಎಫ್‌ಐ (ಬಯೋಸ್‌ನ ಬದಲಿಗೆ ಬಂದ ಹೊಸ ವ್ಯವಸ್ಥೆ) ಯಂತ್ರಗಳಲ್ಲೂ ನಡೆಯುತ್ತದೆ. ಸಹಿಯಿಲ್ಲದ ತಂತ್ರಾಂಶ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಅಡ್ಡ ಬಂದರೆ ಅಷ್ಟು ಹೊತ್ತು ಅದನ್ನು ನಿಲ್ಲಿಸಿ. ಅದೇ ಯಂತ್ರದಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಗೂಢಲಿಪಿ) ಇರುವ ವಿಂಡೋಸ್ ಇದ್ದರೆ ಅದರ ರಿಕವರಿ ಕೀ ಮೊದಲೇ ಕೈಯಲ್ಲಿರಲಿ. ಒಂದು ಸುತ್ತು ಸಾಲದು, ರಾತ್ರಿಯಿಡೀ ಓಡಲಿ. ಒಂದೇ ಒಂದು ತಪ್ಪು ಕಂಡರೂ ಆ ರಾಮ್ ಕೆಟ್ಟಿದೆ. ಎರಡು ಕಡ್ಡಿಗಳಿದ್ದರೆ ಒಂದನ್ನು ತೆಗೆದು ಮತ್ತೆ ಪರೀಕ್ಷಿಸಿ. ವಾಶಿಯ ಒಬ್ಬ ಅಧ್ಯಾಪಕಿಯ ಲ್ಯಾಪ್‌ಟಾಪ್‌ಗೆ ಅಂಗಡಿಯವರು ಹೊಸ ಎಸ್‌ಎಸ್‌ಡಿ ಹಾಕಿ ಕಳಿಸಿದ್ದರು. ತಿಂಗಳೊಳಗೆ ಅದರಲ್ಲೂ ಅದೇ ದೋಷ. ಲಾಗ್‌ನಲ್ಲಿ ಒಂದೂ ಐ/ಓ ಎರರ್ ಇರಲಿಲ್ಲ. ಮೆಮ್‌ಟೆಸ್ಟ್ ಬೆಳಗಾಗುವಷ್ಟರಲ್ಲಿ ಪರದೆ ತುಂಬ ಕೆಂಪು ಸಾಲು ತೋರಿಸಿತು, ಒಂದು ರಾಮ್ ಕಡ್ಡಿ ಬದಲಿಸಿದ ಮೇಲೆ ಎಲ್ಲ ಶಾಂತ. ಅವರು ದುಡ್ಡು ತೆತ್ತ ಆ ಎಸ್‌ಎಸ್‌ಡಿ ಬೇಕೇ ಇರಲಿಲ್ಲ ಎಂಬುದು ನನಗೆ ಇಂದಿಗೂ ಬೇಸರ ತರುತ್ತದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಎನ್‌ವಿಎಂಇ ಕಣ್ಮರೆಯಾಗುವ ಸಮಸ್ಯೆಗೆ ಹಲವು ಸಲ ವಿದ್ಯುತ್ ಉಳಿತಾಯದ ಏರ್ಪಾಡೇ ಕಾರಣ. ಕೆಲವು ಡಿಸ್ಕ್‌ಗಳು ಆಳವಾದ ನಿದ್ರೆಗೆ ಹೋದರೆ ಕರೆದಾಗ ಏಳುವುದಿಲ್ಲ. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ಎನ್‌ವಿಎಂಇ_ಕೋರ್.ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0’ ಸೇರಿಸಿ ಎಫ್10 ಒತ್ತಿದರೆ ಆ ಒಂದು ಸಲಕ್ಕೆ ಆಳದ ನಿದ್ರೆ ರದ್ದು. ಹೊಸ ಕರ್ನಲ್‌ಗಳು ಡಿಸ್ಕ್ ಬಿದ್ದಾಗ ಇದೇ ಸಲಹೆಯನ್ನು ಲಾಗ್‌ನಲ್ಲೇ ಬರೆಯುತ್ತವೆ. ಕೆಲವು ದಿನ ತೊಂದರೆ ಬಾರದಿದ್ದರೆ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ ಶಾಶ್ವತವಾಗಿ ಸೇರಿಸಿ ‘ಸುಡೊ ಅಪ್‌ಡೇಟ್-ಗ್ರಬ್’ ಮಾಡಿ. ಬ್ಯಾಟರಿ ತುಸು ಬೇಗ ಇಳಿಯುತ್ತದೆ, ಅದನ್ನು ಒಪ್ಪಿಕೊಳ್ಳಬಹುದು.

ಹಳೆಯ ಎರಡೂವರೆ ಇಂಚಿನ ಸಾಟಾ ಡಿಸ್ಕ್‌ಗಳಿರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ತೆಳುವಾದ ರಿಬ್ಬನ್ ಕೇಬಲ್ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ, ಗೋವೆಗಳ ಗಾಳಿಯಲ್ಲಿರುವ ತೇವ, ಉಪ್ಪು ಕನೆಕ್ಟರ್‌ಗಳಿಗೆ ಒಳ್ಳೆಯದಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ಬ್ಯಾಟರಿ ಕಳಚಿ, ಕೇಬಲ್ ತೆಗೆದು ಮತ್ತೆ ಕೂರಿಸಿ ನೋಡಿ. ಅಷ್ಟಕ್ಕೇ ಸರಿಹೋಗುವುದುಂಟು.

ಇನ್ನು ವಿದ್ಯುತ್. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಕರೆಂಟ್ ಹೋದರೇನು ಎಂದು ಭಾವಿಸುತ್ತೇವೆ. ಹಳೆಯ ಬ್ಯಾಟರಿ ಸತ್ತುಹೋಗಿ ಚಾರ್ಜರ್ ಮೇಲೆಯೇ ಓಡುತ್ತಿದ್ದರೆ ಅದು ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ಸಮ. ಡೊಂಬಿವಲಿ, ಬದಲಾಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ಯಂತ್ರ ದಿಢೀರನೆ ನಿಲ್ಲುತ್ತದೆ. ಜರ್ನಲ್ ಇದನ್ನು ತಾಳಿಕೊಳ್ಳಬೇಕು, ನಿಜ. ಆದರೆ ಬರೆದಾಯಿತು ಎಂದು ಹೇಳಿ ಇನ್ನೂ ಬರೆಯದೆ ಇಟ್ಟುಕೊಳ್ಳುವ ಅಗ್ಗದ ಎಸ್‌ಎಸ್‌ಡಿಗಳಿವೆ, ಅವುಗಳ ಮುಂದೆ ಜರ್ನಲ್ ಆಟ ನಡೆಯದು. ‘ಯುಪವರ್ -ಡಿ’ ಓಡಿಸಿ ಬ್ಯಾಟರಿಯ ‘ಕೆಪಾಸಿಟಿ’ ಶೇಕಡಾ ಎಷ್ಟಿದೆ ನೋಡಿ. ತೀರ ಕುಸಿದಿದ್ದರೆ, ಇಲ್ಲವೇ ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬದಲಿಸಿ. ಉಬ್ಬಿದ ಬ್ಯಾಟರಿ ಬೆಂಕಿಗೂ ಕಾರಣವಾಗಬಲ್ಲದು.

ಲೋಕಲ್ ರೈಲಿನಲ್ಲಿ ಓಡಾಡುವವರು ಮುಚ್ಚಳ ಮುಚ್ಚಿ ನಿದ್ರೆಯ ಸ್ಥಿತಿಯಲ್ಲೇ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕುತ್ತಾರೆ. ಅದು ನಿಜವಾಗಿ ನಿದ್ರಿಸದೆ ಎಚ್ಚರವಾಗಿಯೇ ಉಳಿದರೆ ಗಾಳಿಯಾಡದೆ ಬಿಸಿಯಾಗುತ್ತದೆ, ಬ್ಯಾಟರಿ ಬರಿದಾಗಿ ಆರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ದಾದರ್ ಸ್ಟೇಷನ್ನಿನ ನೂಕುನುಗ್ಗಲಿನ ಪೆಟ್ಟೂ ಸೇರುತ್ತದೆ. ಪ್ರಯಾಣಕ್ಕೆ ಮೊದಲು ಪೂರ್ತಿ ಆಫ್ ಮಾಡಿ.

ವಿಂಡೋಸ್ ಜೊತೆಗೂ ಲಿನಕ್ಸ್ ಇಟ್ಟುಕೊಂಡವರು ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ನಿಲ್ಲಿಸಬೇಕು. ಅದು ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಷನ್ ಅರ್ಧ ತೆರೆದೇ ಇರುತ್ತದೆ. ಆ ಪಾರ್ಟಿಷನ್ ಕೆಟ್ಟಿದ್ದರೆ ಲಿನಕ್ಸಿನಿಂದ ತಿದ್ದಲು ಹೋಗದೆ ವಿಂಡೋಸ್‌ನಲ್ಲೇ ‘ಸಿಎಚ್‌ಕೆಡಿಎಸ್‌ಕೆ’ ಓಡಿಸಿ.

ಫೆಡೋರಾದವರಿಗೆ

ಇನ್ನೊಂದು ಲಿನಕ್ಸ್ ಆದ ಫೆಡೋರಾ ವರ್ಕ್‌ಸ್ಟೇಷನ್ 2020ರ 33ನೆಯ ಆವೃತ್ತಿಯಿಂದ ಬಿಟಿಆರ್‌ಎಫ್‌ಎಸ್ ಎಂಬ ಬೇರೆ ಫೈಲ್ ಸಿಸ್ಟಮ್ ಬಳಸುತ್ತದೆ. ಮೇಲಿನ ಎಫ್‌ಎಸ್‌ಸಿಕೆ ಕ್ರಮ ಅದಕ್ಕೆ ಅನ್ವಯಿಸದು. ‘ಬಿಟಿಆರ್‌ಎಫ್‌ಎಸ್ ಸ್ಕ್ರಬ್ ಸ್ಟಾರ್ಟ್ /’ ಎಲ್ಲ ಚೆಕ್‌ಸಮ್‌ಗಳನ್ನೂ ತಾಳೆ ನೋಡುತ್ತದೆ, ‘ಬಿಟಿಆರ್‌ಎಫ್‌ಎಸ್ ಡಿವೈಸ್ ಸ್ಟ್ಯಾಟ್ಸ್ /’ ದೋಷಗಳ ಎಣಿಕೆ ಕೊಡುತ್ತದೆ. ‘ಬಿಟಿಆರ್‌ಎಫ್‌ಎಸ್ ಚೆಕ್ --ರಿಪೇರ್’ ಎಂಬುದನ್ನು ಬಲ್ಲವರು ಹೇಳದ ಹೊರತು ಮುಟ್ಟಬೇಡಿ, ಇದ್ದದ್ದನ್ನೂ ಕೆಡಿಸಬಲ್ಲದು. ಹಾರ್ಡ್‌ವೇರ್ ಪರೀಕ್ಷೆಗಳು ಮಾತ್ರ ಎಲ್ಲರಿಗೂ ಒಂದೇ.

ಗುಣವಾಯಿತೆಂದು ತಿಳಿಯುವುದು ಹೇಗೆ

ಇಎಕ್ಸ್‌ಟಿ4 ತನ್ನ ದೋಷಗಳ ಎಣಿಕೆಯನ್ನು ತಾನೇ ಇಟ್ಟುಕೊಳ್ಳುತ್ತದೆ. ‘ಸುಡೊ ಟ್ಯೂನ್2ಎಫ್‌ಎಸ್ -ಎಲ್ /ಡೆವ್/ಎಸ್‌ಡಿಎ2’ ಎಂದರೆ ಬರುವ ಸಾಲುಗಳಲ್ಲಿ ‘ಫೈಲ್‌ಸಿಸ್ಟಮ್ ಸ್ಟೇಟ್’ ಹುಡುಕಿ. ಅಲ್ಲಿ ‘ಕ್ಲೀನ್’ ಎಂದಷ್ಟೇ ಇರಬೇಕು. ದೋಷ ನಡೆದಿದ್ದರೆ ‘ಎಫ್‌ಎಸ್ ಎರರ್ ಕೌಂಟ್’ ಮತ್ತು ಮೊದಲ ದೋಷದ ದಿನಾಂಕ, ಸಮಯ ಸಹ ಕಾಣುತ್ತವೆ. ಎಫ್‌ಎಸ್‌ಸಿಕೆ ಪೂರ್ಣವಾಗಿ ಮುಗಿದಾಗ ಈ ಎಣಿಕೆ ಅಳಿಯುವುದರಿಂದ, ನಂತರ ಕಂಡದ್ದೆಲ್ಲ ಹೊಸದು. ಆ ದಿನಾಂಕದ ಸುತ್ತಮುತ್ತ ಏನಾಗಿತ್ತೆಂದು ನೆನಪಿಸಿಕೊಳ್ಳಿ: ಕರೆಂಟ್ ಹೋಗಿತ್ತೇ, ಲ್ಯಾಪ್‌ಟಾಪ್ ಬಿದ್ದಿತ್ತೇ, ನಿದ್ರೆಯಿಂದ ಎದ್ದ ಕೂಡಲೇ ಆಯಿತೇ.

ಕೆಲವು ವಾರಗಳ ಮಟ್ಟಿಗೆ ‘ಸುಡೊ ಟ್ಯೂನ್2ಎಫ್‌ಎಸ್ -ಸಿ 1 /ಡೆವ್/ಎಸ್‌ಡಿಎ2’ ಮಾಡಿಟ್ಟರೆ ಪ್ರತಿ ಸಲ ಆನ್ ಆದಾಗಲೂ ಪೂರ್ಣ ತಪಾಸಣೆ ನಡೆಯುತ್ತದೆ. ಅದು ಎಣಿಕೆಯನ್ನು ಅಳಿಸಿಬಿಡುವುದರಿಂದ, ಈ ಅವಧಿಯಲ್ಲಿ ಟ್ಯೂನ್2ಎಫ್‌ಎಸ್ ವರದಿಯನ್ನು ಸಂಜೆ ಆಫ್ ಮಾಡುವ ಮೊದಲೇ ನೋಡಿಬಿಡಿ. ಎಸ್‌ಎಸ್‌ಡಿಯಲ್ಲಿ ತಪಾಸಣೆಗೆ ಹೆಚ್ಚು ಹೊತ್ತು ಹಿಡಿಯದು. ಹೊಸ ದೋಷ ಕಾಣದೆ ಒಂದು ಮಳೆಗಾಲ ಕಳೆದರೆ 1ರ ಜಾಗಕ್ಕೆ -1 ಕೊಟ್ಟು ನಿಲ್ಲಿಸಿ.

ಡಿಸ್ಕ್ ಬದಲಿಸಿದ್ದರೆ ತೆಗೆದ ಹಳೆಯದನ್ನು ಕೇಸಿಂಗ್‌ಗೆ ಹಾಕಿ ಬ್ಯಾಕಪ್ ಡಿಸ್ಕ್ ಮಾಡಿಕೊಳ್ಳಬೇಡಿ, ಮಕ್ಕಳ ಪ್ರಾಜೆಕ್ಟ್‌ಗೂ ಕೊಡಬೇಡಿ. ವಾರಂಟಿ ಉಳಿದಿದ್ದು ಕಂಪನಿಗೆ ಮರಳಿಸುವುದಾದರೆ ಅದು ನಿಮಗೆ ತಿರುಗಿ ಬರುವುದಿಲ್ಲ. ಇನ್ನೂ ಬರೆಯಲು ಬರುತ್ತಿದ್ದರೆ ಒಳಗಿನದನ್ನು ಅಳಿಸಿ ಕೊಡಿ. ಹಾರ್ಡ್ ಡಿಸ್ಕ್‌ಗೆ ‘ಶ್ರೆಡ್’ ಸಾಕು. ಎನ್‌ವಿಎಂಇಗೆ ‘ಎನ್‌ವಿಎಂಇ ಫಾರ್ಮ್ಯಾಟ್ -ಎಸ್ 1’ ಬಳಸಿ, ಅದು ಡಿಸ್ಕಿನ ಕಂಟ್ರೋಲರ್‌ಗೇ ಅಳಿಸಲು ಹೇಳುತ್ತದೆ.